ಕಣ್ಣಿನಲ್ಲಿ ಕಂಡ ತಾಮ್ರ



ಡಿಸೆಂಬರ್ 13 ಸಂತ ಲೂಸಿಯವರ ಹಬ್ಬ. ಕಣ್ಣಿನ ತೊಂದರೆ ಇರುವವರು ಅವರ ಮೊರೆ ಹೋಗುತ್ತಾರೆ ಎಂಬುದು ನಿಮಗೆಲ್ಲ ಗೊತ್ತು. ಆ ಹಬ್ಬಕ್ಕೆ ಹತ್ತಿರದ ಭಾನುವಾರ ನಮ್ಮ ಯುವಜನ ಸಂಘದವರು ಕಣ್ಣಿನ ಶಿಬಿರ ಇಟ್ಟುಕೊಳ್ಳುತ್ತೇವೆ. "ಅಕ್ಕಾ, ಈ ಸಲ ಶಿಬಿರದ ಬಗ್ಗೆ ನೀವೇ ಏನಾದರೂ ಬರೆದುಕೊಡಿ, ನೀವು ಬಿಎಸ್ಸಿ ಓದಿದವರು" ಎಂದು ಹುಡುಗರು ಹೇಳಿದರು. ಶಿಬಿರದ ಬಗ್ಗೆ ಬರೆಯಬೇಕಾದರೆ ಮೂರು ವರ್ಷದ ಹಿಂದೆ ನಾನು ಮಾಡಿದ ಒಂದು ತಪ್ಪನ್ನೂ ಬರೆಯಬೇಕಾಗುತ್ತದೆ. ನಮ್ಮ ಮಾವನ ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಬೇಡ ಅಂದರು, ಹಾಗಾಗಿ ಹೆಸರು ಹಾಕಿಲ್ಲ.

ಅದು ಆಗಮನ ಕಾಲದ ಮೊದಲ ವಾರ. ಕ್ರಿಸ್‌ಮಸ್ ನಾಟಕದ ಅಭ್ಯಾಸ ನಡೆಯುತ್ತಿತ್ತು. ನನ್ನ ಸೋದರಮಾವನ ಕಿರಿಯ ಮಗನಿಗೆ ಆಗ ಹದಿನಾರು ವರ್ಷ, ಪ್ಲಸ್ ಒನ್ ಓದುತ್ತಿದ್ದ. ಮೂವರು ಜ್ಞಾನಿಗಳಲ್ಲಿ ಒಬ್ಬನ ಪಾತ್ರ ಅವನದು. ಚಿನ್ನದ ಪೆಟ್ಟಿಗೆ ಹಿಡಿದು ಬಂದು ಎರಡು ಮಾತು ಹೇಳಬೇಕು, ಅಷ್ಟೇ. ಪೆಟ್ಟಿಗೆ ಮೂರು ಸಲ ಕೈಯಿಂದ ಜಾರಿ ಬಿತ್ತು. ಮಾತು ಎಳೆದೆಳೆದು ಬರುತ್ತಿತ್ತು, ಬಾಯಿಯ ಕೊನೆಯಲ್ಲಿ ಜೊಲ್ಲು. ನಾನು ಅವತ್ತು ಕಾರ್ಖಾನೆಯ ಲ್ಯಾಬ್‌ನಲ್ಲಿ ಬೆಳಗಿನ ಪಾಳಿ ಮುಗಿಸಿ ನೇರವಾಗಿ ಬಂದಿದ್ದೆ, ತಲೆ ಸಿಡಿಯುತ್ತಿತ್ತು. ಇಪ್ಪತ್ತು ಜನರ ಮುಂದೆ ಕೇಳಿಬಿಟ್ಟೆ: "ಏನೋ, ಕುಡ್ಕೊಂಡು ಬಂದಿದ್ದೀಯಾ?"

ಎಲ್ಲರೂ ನಕ್ಕರು. ಅವನು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಮನೆಗೆ ಹೋದ. ಪಾತ್ರವನ್ನು ನಾನು ಬೇರೆ ಹುಡುಗನಿಗೆ ಕೊಟ್ಟೆ.

ಎರಡು ದಿನ ಬಿಟ್ಟು ಅತ್ತೆ ಫೋನ್ ಮಾಡಿದರು. "ಇವನ ಬರವಣಿಗೆ ಕೆಟ್ಟುಹೋಗಿದೆ ಕಣಮ್ಮ. ಅಕ್ಷರ ಇರುವೆ ಸಾಲು ಹೋದ ಹಾಗೆ ಆಗಿದೆ. ಕಣ್ಣು ತೋರಿಸಿ, ಕನ್ನಡಕ ಬೇಕಾಗಬಹುದು ಅಂತ ಟೀಚರ್ ಹೇಳಿ ಕಳಿಸಿದ್ದಾರೆ. ನಿಮ್ಮ ಶಿಬಿರದಲ್ಲಿ ನೋಡುತ್ತಾರಾ?" ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಪರೀಕ್ಷೆಯ ಭಯ ಎಂದು ಒಬ್ಬರು, ದೃಷ್ಟಿ ತಗುಲಿದೆ ಎಂದು ಇನ್ನೊಬ್ಬರು, ಮೊಬೈಲ್ ಎಂದು ಮತ್ತೊಬ್ಬರು. ಎರಡು ವರ್ಷದ ಹಿಂದೆ ಅವನಿಗೆ ಕಾಮಾಲೆ ಬಂದಿತ್ತು. ನಾಟಿ ವೈದ್ಯರ ಹತ್ತಿರ ಸೊಪ್ಪಿನ ಔಷಧಿ ಕುಡಿಸಿ, ಪಥ್ಯ ಮಾಡಿಸಿ, ಇಳಿಯಿತು ಎಂದು ಎಲ್ಲರೂ ಮರೆತಿದ್ದೆವು. ಆ ಕಾಮಾಲೆಗೂ ಈ ಬರವಣಿಗೆಗೂ ಸಂಬಂಧ ಇದೆ ಎಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಶಿಬಿರದ ದಿನ ಸಾಲಿನಲ್ಲಿ ಅವನು ಕೊನೆಯಲ್ಲಿ ನಿಂತಿದ್ದ. ನನ್ನ ಮುಖ ನೋಡಲಿಲ್ಲ. ಡಾಕ್ಟರಮ್ಮ ಅಕ್ಷರದ ಬೋರ್ಡು ಓದಿಸಿದರು. ದೃಷ್ಟಿಯಲ್ಲಿ ಏನೂ ದೋಷ ಇಲ್ಲ. ಆಮೇಲೆ ಟಾರ್ಚ್ ಹಿಡಿದು ಪಕ್ಕದಿಂದ ನೋಡಿದರು, ಇನ್ನೊಂದು ಸಲ ನೋಡಿದರು. ಕೈ ಚಾಚಲು ಹೇಳಿದರು. ಬೆರಳು ನಡುಗುತ್ತಿದ್ದವು. "ಕಾಮಾಲೆ ಏನಾದರೂ ಬಂದಿತ್ತೇ?" ಎಂದು ಕೇಳಿದರು. ಹೌದು ಎಂದಾಗ ಅವರ ದನಿಯೇ ಬದಲಾಯಿತು. "ನಾಳೆಯೇ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಬನ್ನಿ, ಸ್ಲಿಟ್ ಲ್ಯಾಂಪ್‌ನಲ್ಲಿ ನೋಡಬೇಕು" ಅಂದರು.

ಮರುದಿನ ಆ ಯಂತ್ರದಲ್ಲಿ ನನಗೂ ತೋರಿಸಿದರು. ಕರಿಗುಡ್ಡೆಯ ಅಂಚಿನಲ್ಲಿ, ಒಳಪದರದ ಮೇಲೆ, ಚಿನ್ನದ ಬಣ್ಣವೂ ಅಲ್ಲದ ಕಂದೂ ಅಲ್ಲದ ಒಂದು ಉಂಗುರ. ಮೇಲೆ ಮತ್ತು ಕೆಳಗೆ ದಪ್ಪ, ಪಕ್ಕಗಳಲ್ಲಿ ತೆಳು. "ಇದು ತಾಮ್ರ" ಅಂದರು ಡಾಕ್ಟರ್.

ನಾನು ರಸಾಯನಶಾಸ್ತ್ರ ಓದಿದವಳು. ಸಿಪ್‌ಕಾಟ್‌ನ ಕಾರ್ಖಾನೆಯ ಲ್ಯಾಬ್‌ನಲ್ಲಿ ದಿನವೂ ನೀರಿನಲ್ಲಿ ತಾಮ್ರ ಎಷ್ಟು, ಸತು ಎಷ್ಟು ಎಂದು ಅಳೆಯುವುದೇ ನನ್ನ ಕೆಲಸ. ಮನುಷ್ಯನ ಕಣ್ಣಿನಲ್ಲಿ ತಾಮ್ರ ಕೂತಿರುತ್ತದೆ ಎಂದು ಅವತ್ತಿನವರೆಗೂ ನನಗೆ ಗೊತ್ತಿರಲಿಲ್ಲ.

ಆ ಉಂಗುರಕ್ಕೆ ಕೈಸರ್-ಫ್ಲೈಷರ್ ಉಂಗುರ ಎಂದು ಹೆಸರು. ಕೈಸರ್ ಮತ್ತು ಫ್ಲೈಷರ್ ಎಂಬ ಜರ್ಮನ್ ಕಣ್ಣಿನ ವೈದ್ಯರಿಬ್ಬರು 1902 ಮತ್ತು 1903ರಲ್ಲಿ ಅದನ್ನು ಬರೆದಿಟ್ಟರು. 1912ರಲ್ಲಿ ಲಂಡನ್ನಿನ ಕಿನ್ನಿಯರ್ ವಿಲ್ಸನ್ ಎಂಬ ನರವೈದ್ಯರು ಯಕೃತ್ತು ಮತ್ತು ಮಿದುಳು ಎರಡೂ ಒಟ್ಟಿಗೆ ಕೆಡುವ ಒಂದು ಕಾಯಿಲೆಯನ್ನು ವಿವರಿಸಿದರು. ಅದಕ್ಕೆ ವಿಲ್ಸನ್ ಕಾಯಿಲೆ ಎಂದೇ ಹೆಸರಾಯಿತು.

ನನಗೆ ಅರ್ಥವಾದಷ್ಟು ಸರಳವಾಗಿ ಹೇಳುತ್ತೇನೆ. ನಮ್ಮ ದೇಹದಲ್ಲಿರುವ ತಾಮ್ರ ಒಟ್ಟು ಸುಮಾರು 100 ಮಿಲಿಗ್ರಾಂ. ಒಂದು ಗ್ರಾಂನ ಹತ್ತನೇ ಒಂದು ಭಾಗ! ದಿನಕ್ಕೆ ಬೇಕಾಗುವುದು ಒಂದು ಮಿಲಿಗ್ರಾಂಗೂ ಸ್ವಲ್ಪ ಕಡಿಮೆ. ಅಷ್ಟು ಇಲ್ಲದಿದ್ದರೆ ರಕ್ತ, ನರ ಯಾವುದೂ ಸರಿಯಾಗಿ ನಡೆಯುವುದಿಲ್ಲ. ಊಟದಲ್ಲಿ ಬಂದ ತಾಮ್ರದಲ್ಲಿ ಹೆಚ್ಚಾದದ್ದನ್ನು ಯಕೃತ್ತು ಪಿತ್ತರಸದ ಮೂಲಕ ಕರುಳಿಗೆ ಬಿಟ್ಟು ಹೊರಗೆ ಕಳಿಸುತ್ತದೆ. ಈ ಕೆಲಸ ಮಾಡುವ ಒಂದು ಪ್ರೋಟೀನ್ ಇದೆ. ಅದನ್ನು ತಯಾರಿಸುವ ಜೀನನ್ನು 1993ರಲ್ಲಿ ಗುರುತಿಸಿದರು, ಎಟಿಪಿ7ಬಿ ಎನ್ನುತ್ತಾರೆ. ಆ ಜೀನ್ ಕೆಟ್ಟಿದ್ದರೆ ತಾಮ್ರ ಹೊರಗೆ ಹೋಗುವ ಬಾಗಿಲೇ ಮುಚ್ಚಿದ ಹಾಗೆ. ಹುಟ್ಟಿದಂದಿನಿಂದ ತಾಮ್ರ ಯಕೃತ್ತಿನಲ್ಲಿ ತುಂಬುತ್ತಾ ಹೋಗುತ್ತದೆ. ಅದು ತುಂಬಿದ ಮೇಲೆ ರಕ್ತಕ್ಕೆ ಚೆಲ್ಲಿ ಮಿದುಳಿಗೂ ಕಣ್ಣಿಗೂ ಹೋಗುತ್ತದೆ. ಯಕೃತ್ತಿನಲ್ಲಿ ಕಾಮಾಲೆ, ಮಿದುಳಿನಲ್ಲಿ ನಡುಕ, ತೊದಲು, ಜೊಲ್ಲು, ಬರವಣಿಗೆ ಕೆಡುವುದು, ಕೆಲವರಲ್ಲಿ ಸಿಟ್ಟು, ಓದಿನಲ್ಲಿ ಹಿಂದೆ ಬೀಳುವುದು. ಆದರೆ ಕಣ್ಣಿನ ಉಂಗುರ ಮಾತ್ರ ನೋಟಕ್ಕೆ ಏನೂ ತೊಂದರೆ ಕೊಡುವುದಿಲ್ಲ. ನಮ್ಮಂಥ ಕಪ್ಪು, ಕಂದು ಕಣ್ಣಿನವರಲ್ಲಿ ಬರಿಗಣ್ಣಿಗೆ ಸುಲಭವಾಗಿ ಕಾಣುವುದೂ ಇಲ್ಲ. ಉಂಗುರ ಕಾಣದಿದ್ದ ಮಾತ್ರಕ್ಕೆ ಕಾಯಿಲೆ ಇಲ್ಲ ಎಂದೂ ಅಲ್ಲ.

ಅಲ್ಲಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ ಬರೆದುಕೊಟ್ಟರು. ಅಪರೂಪದ ಕಾಯಿಲೆ ಎಂದಾಗ ನಾವು ಎಲ್ಲಿಗೋ ದೂರದ ಊರಿಗೆ ಹೋಗಬೇಕೇನೋ ಎಂದು ಹೆದರಿದ್ದೆವು. ನಿಮ್ಹಾನ್ಸ್ ಇರುವುದು ಹೊಸೂರು ರಸ್ತೆಯಲ್ಲಿ. ನಮ್ಮ ಊರಿನ ಹೆಸರಿನ ರಸ್ತೆಯಲ್ಲಿ, ಅತ್ತಿಬೆಲೆ ದಾಟಿ, ಸಿಲ್ಕ್ ಬೋರ್ಡ್ ದಾಟಿ ಹೋದರೆ ಆಯಿತು. ಈ ಕಾಯಿಲೆಯ ಬಗ್ಗೆ ದೇಶದಲ್ಲೇ ಹೆಚ್ಚು ಅನುಭವ ಇರುವ ಜಾಗಗಳಲ್ಲಿ ಅದೂ ಒಂದು. ಮೂವತ್ತು ವರ್ಷಗಳಲ್ಲಿ ತಾವು ನೋಡಿದ 282 ರೋಗಿಗಳ ವಿವರವನ್ನು ಅಲ್ಲಿನ ವೈದ್ಯರು 2007ರಲ್ಲಿ ಪ್ರಕಟಿಸಿದ್ದಾರೆ. ನಮ್ಮ ಹುಡುಗನ ರಕ್ತದಲ್ಲಿ ತಾಮ್ರವನ್ನು ಹೊರುವ ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನ್ ತುಂಬಾ ಕಡಿಮೆ ಇತ್ತು. ಇಪ್ಪತ್ತನಾಲ್ಕು ಗಂಟೆಯ ಮೂತ್ರವನ್ನು ಕ್ಯಾನಿನಲ್ಲಿ ಹಿಡಿದು ಪರೀಕ್ಷೆ ಮಾಡಿದಾಗ ತಾಮ್ರ ತುಂಬಾ ಹೆಚ್ಚು. ಅನುಮಾನಕ್ಕೆ ಜಾಗ ಉಳಿಯಲಿಲ್ಲ.

ಮಾವ ರಾಯಕೋಟೆ ಕಡೆ ಟೊಮ್ಯಾಟೊ ಬೆಳೆಯುವವರು. ತಾಮ್ರ ಎಂದು ಕೇಳಿದ ಕೂಡಲೇ ಕುರ್ಚಿಯಲ್ಲಿ ಕುಸಿದರು. "ನಾನೇ ಸಾರ್ ಮಾಡಿದ್ದು. ರೋಗಕ್ಕೆ ಮೈಲುತುತ್ತ ಹೊಡೀತೀನಿ. ರಜೆ ದಿನ ಇವನೂ ಜೊತೆಗೆ ಬರ್ತಿದ್ದ" ಅಂದರು. ಡಾಕ್ಟರ್ ಅವರ ಕೈ ಹಿಡಿದು, "ನಿಮ್ಮ ತೋಟದಿಂದ ಬಂದದ್ದಲ್ಲ ಇದು. ಹುಟ್ಟಿನಿಂದಲೇ ಇದೆ. ಅದೇ ತೋಟದಲ್ಲಿ ನೀವೂ ಇದ್ದೀರಿ, ನಿಮಗೆ ಬಂದಿಲ್ಲವಲ್ಲ" ಎಂದು ಹೇಳಿದರು. ಆಮೇಲೆ ಕೇಳಿದರು: "ನೀವೂ ನಿಮ್ಮ ಮನೆಯವರೂ ಸಂಬಂಧಿಕರೇ?"

ಹೌದು. ಮಾವ ಮದುವೆಯಾಗಿದ್ದು ಅವರ ಸೋದರತ್ತೆಯ ಮಗಳನ್ನು.

ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಔಷಧಿಯ ವಿಷಯ. 1956ರಲ್ಲಿ ಜಾನ್ ವಾಲ್ಷ್ ಎಂಬ ಇಂಗ್ಲಿಷ್ ವೈದ್ಯರು ಪೆನಿಸಿಲಮೈನ್ ಎಂಬ ಔಷಧಿಯನ್ನು ಈ ಕಾಯಿಲೆಗೆ ತಂದರು. ಅದು ದೇಹದಲ್ಲಿ ತುಂಬಿರುವ ತಾಮ್ರವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುತ್ತದೆ. ಅದಕ್ಕೂ ಮುಂಚೆ ಈ ಮಕ್ಕಳು ಉಳಿಯುತ್ತಿದ್ದುದು ಕಷ್ಟ. ಇನ್ನೊಂದು ಔಷಧಿ ಸತು, ನಮ್ಮ ಕಾರ್ಖಾನೆಯಲ್ಲಿ ಜಿಂಕ್ ಎಂದು ಕರೆಯುವುದೇ. ಸತು ಕರುಳಿನ ಒಳಗಿನ ಜೀವಕೋಶಗಳಲ್ಲಿ ಒಂದು ಪ್ರೋಟೀನನ್ನು ಹೆಚ್ಚಿಸುತ್ತದೆ. ಆ ಪ್ರೋಟೀನ್ ಊಟದಲ್ಲಿ ಬಂದ ತಾಮ್ರವನ್ನು ಅಲ್ಲೇ ಹಿಡಿದಿಡುತ್ತದೆ. ಕೆಲವು ದಿನಕ್ಕೆ ಆ ಜೀವಕೋಶಗಳು ಉದುರಿದಾಗ ತಾಮ್ರವೂ ಮಲದ ಜೊತೆ ಹೊರಗೆ ಹೋಗುತ್ತದೆ. ಒಂದು ಲೋಹವನ್ನು ತಡೆಯಲು ಇನ್ನೊಂದು ಲೋಹ!

ಮಾತ್ರೆ ಜೀವನಪೂರ್ತಿ. ಚೆನ್ನಾಗಿದ್ದೇನೆ ಎಂದು ನಿಲ್ಲಿಸಿದವರು ಮತ್ತೆ ಬಿದ್ದಿದ್ದಾರೆ, ಪ್ರಾಣವನ್ನೂ ಕಳೆದುಕೊಂಡಿದ್ದಾರೆ. ಶುರುವಿನಲ್ಲಿ ಕೆಲವರಿಗೆ ನಡುಕ ಇನ್ನೂ ಹೆಚ್ಚಾಗುತ್ತದೆ, ಹೆದರಿ ಬಿಡಬೇಡಿ, ನಮಗೆ ತಿಳಿಸಿ ಎಂದು ಡಾಕ್ಟರ್ ಮೊದಲೇ ಹೇಳಿದ್ದರು. ಹೇಳಿದ ಹಾಗೇ ಆಯಿತು. ಮೊದಲ ಎರಡು ತಿಂಗಳು ಅವನಿಗೆ ಅನ್ನ ಕಲಸಿ ಬಾಯಿಗೆ ಇಡಬೇಕಾಗಿತ್ತು. ಊರಿನಲ್ಲಿ "ಆ ಮಾತ್ರೆಯಿಂದಲೇ ಹುಡುಗ ಕೆಟ್ಟ" ಎಂದು ಹೇಳಿದವರೂ ಇದ್ದರು. ಅತ್ತೆ ಮಾತ್ರ ಒಂದು ಹೊತ್ತನ್ನೂ ತಪ್ಪಿಸಲಿಲ್ಲ.

ಊಟದಲ್ಲಿಯೂ ಪಥ್ಯ. ಲಿವರ್, ಏಡಿ, ಸೀಗಡಿ, ಅಣಬೆ, ಗೋಡಂಬಿಯಂಥ ಬೀಜಗಳು, ಚಾಕೊಲೇಟ್ ಇವುಗಳಲ್ಲಿ ತಾಮ್ರ ಹೆಚ್ಚು. ಹಬ್ಬದ ದಿನ ನಮ್ಮ ಮನೆಗಳಲ್ಲಿ ಲಿವರ್ ಫ್ರೈ ಇಲ್ಲದೆ ನಡೆಯುತ್ತದೆಯೇ? ಆ ಕ್ರಿಸ್‌ಮಸ್‌ಗೆ ಮಾವನ ಮನೆಯಲ್ಲಿ ಯಾರೂ ತಿನ್ನಲಿಲ್ಲ. ತಾಮ್ರದ ಚೊಂಬಿನ ನೀರನ್ನೂ ಬಿಡಬೇಕು. ಹಿಂದಿನ ವರ್ಷ ಬೈಬಲ್ ಕ್ವಿಜ್‌ನಲ್ಲಿ ಗೆದ್ದವರಿಗೆ ನಾವೇ ತಾಮ್ರದ ಬಾಟಲಿ ಬಹುಮಾನ ಕೊಟ್ಟಿದ್ದೆವು, ಅವನಿಗೂ ಒಂದು ಸಿಕ್ಕಿತ್ತು. ಅದನ್ನು ಅವನು ದಿನವೂ ಶಾಲೆಗೆ ಒಯ್ಯುತ್ತಿದ್ದನಂತೆ. ಬಾಟಲಿಯಿಂದ ಕಾಯಿಲೆ ಬರಲಿಲ್ಲ ಎಂದು ನನಗೆ ಗೊತ್ತು, ಆದರೂ ಕೇಳಿದಾಗ ಹೊಟ್ಟೆ ಚುರುಕ್ ಅಂದಿತು.

ಇನ್ನೊಂದು ಸಂಗತಿ. ನಮ್ಮ ಅಜ್ಜಿಗೆ ರೆಟಿನಾದ ನಡುಭಾಗ ಸವೆದು ನೋಟ ಮಂಜಾಗಿದೆ. ಅದಕ್ಕೆ ವೈದ್ಯರು ಒಂದು ಮಾತ್ರೆ ಕೊಟ್ಟಿದ್ದಾರೆ. "ಕಣ್ಣಿನ ಕಾಯಿಲೆ ತಾನೇ, ನನ್ನ ಮಾತ್ರೆಯನ್ನೇ ಮಗೂಗೂ ಕೊಡ್ರೀ" ಎಂದು ಅಜ್ಜಿ ಹಟ ಹಿಡಿದರು. ಪಟ್ಟಿಯ ಹಿಂದೆ ಓದಿದೆ: ಸತು, ವಿಟಮಿನ್‌ಗಳು, ಕೊನೆಗೆ ತಾಮ್ರ! ಯಾಕೆ ಎಂದು ಹುಡುಕಿದಾಗ ತಿಳಿಯಿತು. ರೆಟಿನಾಗೆ ಸತು ಬೇಕು. ವಿಟಮಿನ್ ಎ ಯಕೃತ್ತಿನಿಂದ ಕಣ್ಣಿಗೆ ತಲುಪುವುದಕ್ಕೂ ಸತು ಬೇಕು. ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆ 2001ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ, ಅಜ್ಜಿಗೆ ಇರುವಂಥ ತೊಂದರೆ ಮಧ್ಯಮ ಹಂತದಲ್ಲಿದ್ದವರಿಗೆ ಕೆಲವು ವಿಟಮಿನ್‌ಗಳ ಜೊತೆ 80 ಮಿಲಿಗ್ರಾಂ ಸತು ಕೊಟ್ಟಾಗ, ಕಾಯಿಲೆ ಕೊನೆಯ ಹಂತಕ್ಕೆ ಹೋಗುವ ಅಪಾಯ ಸುಮಾರು ಶೇ. 25ರಷ್ಟು ಕಡಿಮೆಯಾಯಿತು. ಅಷ್ಟು ಸತು ತಿಂದರೆ ತಾಮ್ರದ ಕೊರತೆ ಆಗುತ್ತದೆ ಎಂದು ಅದರಲ್ಲಿ 2 ಮಿಲಿಗ್ರಾಂ ತಾಮ್ರವನ್ನೂ ಸೇರಿಸಿದ್ದರು. ಅಂದರೆ ಅಜ್ಜಿಗೆ ಯಾವುದು ತೊಂದರೆಯೋ ಮೊಮ್ಮಗನಿಗೆ ಅದೇ ಚಿಕಿತ್ಸೆ. ಅಜ್ಜಿಯ ಮಾತ್ರೆ ಅವನಿಗೆ ಆಗುವುದಿಲ್ಲ, ಅವನ ಮಾತ್ರೆ ಅಜ್ಜಿಗೆ ಆಗುವುದಿಲ್ಲ. ದಯವಿಟ್ಟು ಒಬ್ಬರ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡಬೇಡಿ. ಜಾಹೀರಾತು ನೋಡಿ ಜಿಂಕ್ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುವುದೂ ಬೇಡ.

ಈಗ ಮದುವೆಯ ಮಾತು. ನಮಗೆ ಪ್ರತಿಯೊಂದು ಜೀನ್ ಎರಡೆರಡು ಇರುತ್ತದೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಒಂದು ಕೆಟ್ಟಿದ್ದರೆ ಇನ್ನೊಂದು ಕೆಲಸ ನಡೆಸುತ್ತದೆ, ಆ ಮನುಷ್ಯನಿಗೆ ಏನೂ ಆಗುವುದಿಲ್ಲ. ಅಂಥವರು ಸುಮಾರು 90 ಜನಕ್ಕೆ ಒಬ್ಬರು ಎಂದು ಲೆಕ್ಕ. ಎರಡೂ ಕೆಟ್ಟಾಗ ಮಾತ್ರ ಕಾಯಿಲೆ, ಅದು ಸುಮಾರು 30,000ಕ್ಕೆ ಒಬ್ಬರಿಗೆ. ಆದರೆ ಗಂಡ ಹೆಂಡತಿ ಒಂದೇ ಅಜ್ಜ ಅಜ್ಜಿಯ ಮೊಮ್ಮಕ್ಕಳಾಗಿದ್ದರೆ, ಅಜ್ಜನ ಆ ಒಂದು ಕೆಟ್ಟ ಪ್ರತಿ ಎರಡು ದಾರಿಯಲ್ಲಿ ಇಳಿದು ಬಂದು ಒಂದೇ ಮಗುವಿನಲ್ಲಿ ಸೇರಬಹುದು. ಅಪ್ಪ ಅಮ್ಮ ಇಬ್ಬರಲ್ಲೂ ಅದು ಇದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಅದಕ್ಕೇ ಒಬ್ಬರಿಗೆ ಕಾಯಿಲೆ ಕಂಡರೆ ಅಣ್ಣ ತಮ್ಮ, ಅಕ್ಕ ತಂಗಿಯರೆಲ್ಲರನ್ನೂ ಪರೀಕ್ಷೆ ಮಾಡಲೇಬೇಕು.

ಅವನ ಅಣ್ಣನ ಪರೀಕ್ಷೆ ಸರಿಯಾಗಿ ಬಂತು. ತಂಗಿ ಆಗ ಎಂಟನೇ ಕ್ಲಾಸು. ಆಟ, ಓದು, ಹಾಡು ಎಲ್ಲದರಲ್ಲೂ ಮುಂದು. ಅವಳ ಕಣ್ಣಿನಲ್ಲಿ ಉಂಗುರ ಇರಲಿಲ್ಲ. ಆದರೆ ರಕ್ತ, ಮೂತ್ರ ಎರಡರಲ್ಲೂ ಅದೇ ಲಕ್ಷಣ. ಕಾಯಿಲೆ ಇದೆ, ಇನ್ನೂ ಹೊರಗೆ ಬಂದಿಲ್ಲ. ಅವತ್ತೇ ಅವಳಿಗೂ ಸತು ಶುರುವಾಯಿತು. ಇವತ್ತಿನವರೆಗೂ ಅವಳಿಗೆ ಒಂದು ದಿನ ಕೈ ನಡುಗಿಲ್ಲ, ದೇವರಿಗೆ ಸ್ತೋತ್ರ. ಅಣ್ಣನ ಕಣ್ಣಿನ ಉಂಗುರ ತಂಗಿಯನ್ನು ಉಳಿಸಿತು ಎಂದು ಅಜ್ಜಿ ಹೇಳುತ್ತಿರುತ್ತಾರೆ.

ನನ್ನ ವಿಷಯ ಏನೆಂದರೆ, ಮಾವನ ದೊಡ್ಡ ಮಗನಿಗೆ ನಾನು ಎಂದು ನಾವಿಬ್ಬರೂ ಚಡ್ಡಿ ಹಾಕುವ ಕಾಲದಿಂದ ಮಾತಾಗಿತ್ತು. ತಮಾಷೆಯಾಗಿ ಶುರುವಾದದ್ದು ಹೋದ ವರ್ಷ ಗಟ್ಟಿ ಮಾತಿಗೆ ಬಂತು. ನಾನು ಪೇಪರ್ ಪೆನ್ನು ಹಿಡಿದು ಕೂತೆ. ಮಾವನಲ್ಲಿ ಆ ಕೆಟ್ಟ ಪ್ರತಿ ಇರುವುದು ಖಚಿತ. ಅವರ ಅಕ್ಕನಾದ ನನ್ನ ಅಮ್ಮನಲ್ಲಿ ಇರುವ ಸಾಧ್ಯತೆ ಎರಡರಲ್ಲಿ ಒಂದು, ನನ್ನಲ್ಲಿ ನಾಲ್ಕರಲ್ಲಿ ಒಂದು. ಕಾಯಿಲೆ ಇಲ್ಲದ ಅವನಲ್ಲಿ ಮೂರರಲ್ಲಿ ಎರಡು. ನಮಗೆ ಹುಟ್ಟುವ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ 24ಕ್ಕೆ ಒಂದು. ನಾನು ಹೊರಗಿನವರನ್ನು ಮದುವೆಯಾದರೆ 1,440ಕ್ಕೆ ಒಂದು.

ಲೆಕ್ಕ ಸುಲಭ. ಮಾವನ ಮುಂದೆ ಹೇಳುವುದು ಸುಲಭವಲ್ಲ. "ಕಾಯಿಲೆ ಮನೆ ಅಂತ ಬೇಡ ಅಂದೆಯಾ?" ಎಂದು ಅವರು ಕೇಳಿದರೆ ನಾನು ಏನು ಹೇಳಲಿ? ಅವರ ಮಗನನ್ನು ಎಲ್ಲರ ಮುಂದೆ ಕುಡುಕ ಎಂದವಳೂ ನಾನೇ. ಮೊದಲು ಫಾದರ್ ಹತ್ತಿರ ಹೋದೆ. ಧರ್ಮಸಭೆಯ ಕಾನೂನಿನ 1091ನೇ ನಿಯಮದ ಪ್ರಕಾರ ಅಣ್ಣ ತಂಗಿಯರ ಮಕ್ಕಳ ನಡುವೆ ಮದುವೆಗೆ ಅಡ್ಡಿ ಇದೆ, ಧರ್ಮಾಧ್ಯಕ್ಷರು ವಿನಾಯಿತಿ ಕೊಟ್ಟರೆ ಮಾತ್ರ ಆಗುತ್ತದೆ ಎಂದು ವಿವರಿಸಿದರು. ನಮ್ಮ ಕಡೆ ಸಂಬಂಧದಲ್ಲಿ ಮದುವೆ ರೂಢಿ, ಆದ್ದರಿಂದ ಇಂಥ ಅರ್ಜಿಗಳನ್ನು ಅವರು ನೋಡಿಯೇ ಇದ್ದಾರೆ. "ಆದರೆ ವಿನಾಯಿತಿ ಪತ್ರ ರಕ್ತಪರೀಕ್ಷೆ ಅಲ್ಲಮ್ಮ. ಅರ್ಜಿ ಬರೆಯುವ ಮುಂಚೆ ನೀವಿಬ್ಬರೂ ಕೂತು ಮಾತಾಡಿ" ಅಂದರು.

ಮಾತಾಡಿದೆವು. ಕುಟುಂಬದ ದೋಷ ಗೊತ್ತಿದ್ದರೆ ಜೀನ್ ಪರೀಕ್ಷೆಯಿಂದ ನನ್ನಲ್ಲಿ ಅದು ಇದೆಯೋ ಇಲ್ಲವೋ ತಿಳಿಯಬಹುದು, ಇಲ್ಲದಿದ್ದರೆ ಈ ಕಾಯಿಲೆಯ ಭಯ ಇಲ್ಲ ಎಂದೂ ಅವನಿಗೆ ಹೇಳಿದೆ. ಅವನು ಪೇಪರ್ ನೋಡಿ ನಕ್ಕ. "ಲೆಕ್ಕ ಬಿಡು. ನಿನ್ನನ್ನು ನಾನು ಯಾವತ್ತೂ ಹಾಗೆ ನೋಡಿಲ್ಲ. ಅಪ್ಪನಿಗೆ ಹೇಳೋ ಧೈರ್ಯ ಇರಲಿಲ್ಲ" ಅಂದ. ನನಗೂ ಇದ್ದದ್ದು ಅದೇ.

ಇಬ್ಬರೂ ಸೇರಿ ಮಾವನಿಗೆ ಹೇಳಿದೆವು. ಮಾವ ಏನೂ ಮಾತಾಡಲಿಲ್ಲ. ಎರಡು ವಾರ ನಮ್ಮ ಮನೆ ಕಡೆ ಬರಲಿಲ್ಲ. ಅಮ್ಮ ನನ್ನ ಜೊತೆ ಮಾತು ಬಿಟ್ಟರು. ಆಮೇಲೆ ಒಂದು ಬೆಳಿಗ್ಗೆ ಮಾವ ಗಾಡಿಯಲ್ಲಿ ಅವರೆಕಾಯಿ ಚೀಲ ಹಾಕಿಕೊಂಡು ಬಂದು, ಜಗಲಿಯಲ್ಲಿ ಕೂತು, "ಆ ಡಾಕ್ಟರ್ ನನ್ನ ಕೈ ಹಿಡ್ಕೊಂಡು ತಪ್ಪು ನಿಂದಲ್ಲ ಅಂದ್ರು. ಮೊಮ್ಮಕ್ಕಳ ಕಾಲಕ್ಕೆ ಗೊತ್ತಿದ್ದೂ ಮಾಡಿದ್ರೆ ಅದು ನಂದೇ ತಪ್ಪಾಗುತ್ತೆ" ಎಂದರು. ಅಮ್ಮ ಒಳಗಿನಿಂದ ಕಾಫಿ ತಂದರು.

ಸಂಬಂಧದಲ್ಲಿ ಮದುವೆಯಾದವರನ್ನು ನೋಯಿಸಲು ಇದನ್ನು ಬರೆಯುತ್ತಿಲ್ಲ. ನಮ್ಮ ಧರ್ಮಕೇಂದ್ರದಲ್ಲಿ ಅಂಥ ಎಷ್ಟೋ ಒಳ್ಳೆಯ ಸಂಸಾರಗಳಿವೆ, ಹೆಚ್ಚಿನವರ ಮಕ್ಕಳು ಆರೋಗ್ಯವಾಗಿದ್ದಾರೆ. ಮುಂದೆ ಮಾತು ನಡೆಯುವ ಮನೆಗಳಲ್ಲಿ, ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಕಾರಣ ತಿಳಿಯದ ಕಾಮಾಲೆಯೋ ನಡುಕವೋ ಬಂದಿತ್ತೇ ಎಂದು ಒಮ್ಮೆ ಕೇಳಿ. ಡಾಕ್ಟರ ಹತ್ತಿರ ಹೋಗಿ ಕೇಳಿ. ಅಷ್ಟೇ.

ಕಾರ್ಖಾನೆಯಲ್ಲಿ ದುಡಿಯುವ ಹುಡುಗರಿಗೂ ಒಂದು ಮಾತು. ಲೇತ್, ಗ್ರೈಂಡಿಂಗ್, ಸುತ್ತಿಗೆ ಕೆಲಸದಲ್ಲಿ ಸಿಡಿದ ಕಬ್ಬಿಣದ ಚೂರು ಕಣ್ಣಿನ ಒಳಗೆ ಹೊಕ್ಕರೆ ಕೆಲವೊಮ್ಮೆ ನೋವು ಬೇಗ ನಿಲ್ಲುತ್ತದೆ. ಹೋಯಿತು ಎಂದುಕೊಳ್ಳುತ್ತೀರಿ. ಆದರೆ ಆ ಚೂರು ಒಳಗೇ ತುಕ್ಕು ಬಿಡುತ್ತಾ, ತಿಂಗಳುಗಳ ಮೇಲೆ ಕಣ್ಣಿನ ಬಣ್ಣ ಬದಲಾಗಿ ರೆಟಿನಾವನ್ನೇ ಕೆಡಿಸಬಹುದು. ಕನ್ನಡಕ ಹಾಕಿಯೇ ಕೆಲಸ ಮಾಡಿ. ಚೂರು ಬಡಿದರೆ ಕಣ್ಣು ಉಜ್ಜದೆ ಅವತ್ತೇ ತೋರಿಸಿ. ಮುಂದೆ ಯಾವತ್ತಾದರೂ ಎಂಆರ್‌ಐ ಮಾಡಿಸುವಾಗ ಅದನ್ನು ಮರೆಯದೆ ಹೇಳಿ, ಅಯಸ್ಕಾಂತಕ್ಕೆ ಆ ಚೂರು ಒಳಗೇ ಜರುಗಬಹುದು.

ನಾನು ಅವನ ಕ್ಷಮೆ ಕೇಳಿದ್ದು ನಿಮ್ಹಾನ್ಸ್‌ನಲ್ಲಿ, ರಕ್ತ ಕೊಡುವ ಸಾಲಿನಲ್ಲಿ ಕೂತಿದ್ದಾಗ. ಅವನಿಗೆ ಆಗ ಮಾತು ಸರಿಯಾಗಿ ಬರುತ್ತಿರಲಿಲ್ಲ. ತುಂಬಾ ಹೊತ್ತು ತೆಗೆದುಕೊಂಡು ಹೇಳಿದ: "ಅಕ್ಕಾ, ಪಾತ್ರ... ವಾಪಸ್ ಕೊಡ್ತೀಯಾ?"

ಈಗ ಅವನ ಮಾತು ಮುಕ್ಕಾಲು ಪಾಲು ಸರಿಯಾಗಿದೆ. ಅಕ್ಷರ ಇನ್ನೂ ಸೊಟ್ಟ. ಪರೀಕ್ಷೆಯಲ್ಲಿ ಬರೆಯಲು ಬೇರೊಬ್ಬರ ಸಹಾಯ ಪಡೆದು ಪ್ಲಸ್ ಟೂ ಪಾಸಾಗಿದ್ದಾನೆ. ಹೋದ ತಿಂಗಳು ಸ್ಲಿಟ್ ಲ್ಯಾಂಪ್‌ನಲ್ಲಿ ನೋಡಿದಾಗ ಪಕ್ಕಗಳಲ್ಲಿ ಉಂಗುರ ಮಾಸಿತ್ತು, ಮೇಲೆ ಸ್ವಲ್ಪ ಉಳಿದಿದೆ. ಈ ಕ್ರಿಸ್‌ಮಸ್ ನಾಟಕದಲ್ಲಿ ಚಿನ್ನ ತರುವ ಜ್ಞಾನಿ ಅವನೇ. ಪೆಟ್ಟಿಗೆಗೆ ಹಿಡಿ ಹಾಕಿಸಿದ್ದೇವೆ.

ಕಣ್ಣಿನ ಶಿಬಿರ ಬರುವ ಭಾನುವಾರ, ಎರಡನೇ ಪೂಜೆ ಮುಗಿದ ಮೇಲೆ ಧರ್ಮೋಪದೇಶದ ಹಾಲ್‌ನಲ್ಲಿ. ಅಜ್ಜ ಅಜ್ಜಿಯರನ್ನು ಮಾತ್ರವಲ್ಲ, ಮಕ್ಕಳನ್ನೂ ಕರೆತನ್ನಿ. ಕುರ್ಚಿ ಹಾಕುವುದಕ್ಕೆ ಏಳು ಗಂಟೆಗೆ ಹತ್ತು ಜನ ಹುಡುಗರು ಬೇಕು.

ಸಂತ ಲೂಸಿಯವರೇ, ನಮಗಾಗಿ ಪ್ರಾರ್ಥಿಸಿರಿ.